ಬಾಡು ಬಿಡೋದಾದರೆ ಯಾಕೆ ಬಿಡಬೇಕು?

ಟೆಕ್ಸಾಸ್ ನರ್ಸಮ್ಮನ ಟಿಪ್ಪಣಿ – ಭಾಗ 27

ನನ್ನ ಇನ್‌ಬಾಕ್ಸಿಗೆ ಬರುವ ಪ್ರಶ್ನೆಗಳಲ್ಲಿ ಶುಗರ್, ಥೈರಾಯ್ಡ್ ಬಿಟ್ಟರೆ ಹೆಚ್ಚು ಬರುವುದು ಇದೇ: "ಅಕ್ಕಾ, ನಾನ್‌ವೆಜ್ ಬಿಟ್ಟುಬಿಡಲಾ?" ಆಸ್ಟಿನ್ನಿನ ಸಾಫ್ಟ್‌ವೇರ್ ಹುಡುಗ ಕೊಲೆಸ್ಟರಾಲ್ ರಿಪೋರ್ಟ್ ನೋಡಿ ಗಾಬರಿಯಲ್ಲಿ ಕೇಳುತ್ತಾನೆ. ಹ್ಯೂಸ್ಟನ್ನಿನ ಮಗನ ಮನೆಗೆ ಬಂದಿರುವ ಹಾಸನದ ಅಮ್ಮ, ಸ್ಟೆಂಟ್ ಹಾಕಿಸಿಕೊಂಡ ಯಜಮಾನರ ಪರವಾಗಿ ಕೇಳುತ್ತಾರೆ. ಇಷ್ಟು ದಿನ ಒಬ್ಬೊಬ್ಬರಿಗೆ ಎರಡೆರಡು ಸಾಲು ಬರೆದು ಸುಮ್ಮನಾಗುತ್ತಿದ್ದೆ. ಈಗ ಪ್ರಶ್ನೆ ನಮ್ಮ ಮನೆಯೊಳಗೇ ಬಂದು ಕೂತಿದೆ. ಹದಿನಾಲ್ಕು ವರ್ಷದ ಮಗಳು ಫೆಬ್ರವರಿಯಿಂದ ಮಾಂಸ ಮುಟ್ಟುತ್ತಿಲ್ಲ. "ನೀನೂ ಬಿಡಮ್ಮ" ಅನ್ನುತ್ತಿದ್ದಾಳೆ. ಹಾಗಾಗಿ ಈ ಸಲ ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ನಾನು ಮಂಡ್ಯ ಕಡೆಯವಳು. ಬಾಡು ತಿನ್ನುವ ಮನೆಯಲ್ಲಿ ಹುಟ್ಟಿದವಳು. ಹಾಗಂತ ದಿನಾ ತಿಂದು ಬೆಳೆದವಳಲ್ಲ. ಯುಗಾದಿ ಮಾರನೆಯ ದಿನದ ವರ್ಷತೊಡಕು, ಊರಹಬ್ಬ, ಮಹಾಲಯ ಅಮಾವಾಸ್ಯೆಯ ಎಡೆ, ನೆಂಟರು ಬಂದಾಗ ಒಂದು ನಾಟಿಕೋಳಿ. ಮಿಕ್ಕ ದಿನ ಮುದ್ದೆ, ಉಪ್ಸಾರು, ಸೊಪ್ಪಿನ ಸಾರು, ಹುರುಳಿಕಾಳು, ಅವರೆಕಾಳು. ವರ್ಷದ ಬಾಡಿನ ದಿನಗಳನ್ನು ಎಣಿಸಲು ಕೈಬೆರಳು ಕಾಲ್ಬೆರಳು ಸೇರಿದರೆ ಧಾರಾಳವಾಗಿ ಸಾಕಾಗುತ್ತಿತ್ತು. ಊರಿನವರು ನಮ್ಮನ್ನು ಮಾಂಸಾಹಾರಿಗಳ ಲೆಕ್ಕಕ್ಕೆ ಸೇರಿಸಿದರೂ, ನಮ್ಮ ತಟ್ಟೆಯಲ್ಲಿ ಮುನ್ನೂರಕ್ಕೂ ಹೆಚ್ಚು ದಿನ ಕಾಳು ಸೊಪ್ಪೇ ಇರುತ್ತಿತ್ತು.

ಡಲ್ಲಾಸಿಗೆ ಬಂದ ಮೇಲೆ ಈ ಲೆಕ್ಕ ತಿರುಗಿಬಿತ್ತು. ಇಲ್ಲಿ ಕೋಳಿ ಬೆಂಡೆಕಾಯಿಗಿಂತ ಅಗ್ಗ. ಹನ್ನೆರಡು ಗಂಟೆ ನೈಟ್ ಶಿಫ್ಟ್ ಮುಗಿಸಿ ಬಂದವಳಿಗೆ ಸೊಪ್ಪು ಸೋಸುವಷ್ಟು ಕಣ್ಣು ತೆರೆದಿರುವುದಿಲ್ಲ. ಮೂಳೆ ತೆಗೆದ ಕೋಳಿಯಾದರೆ ಹದಿನೈದು ನಿಮಿಷಕ್ಕೆ ಬೇಯುತ್ತದೆ. ಅಮೆರಿಕದಲ್ಲಿ ತಲೆಗೆ ವರ್ಷಕ್ಕೆ ಸುಮಾರು 45 ಕೆ.ಜಿ. ಕೋಳಿ ಖರ್ಚಾಗುತ್ತದೆ. ದನದ ಸಂಖ್ಯೆಯಲ್ಲಿ ಟೆಕ್ಸಾಸ್ ಇಡೀ ದೇಶಕ್ಕೇ ಮೊದಲು, 1 ಕೋಟಿಗೂ ಮೀರಿ ಇವೆ. ಡಲ್ಲಾಸಿನಿಂದ ಆಸ್ಟಿನ್ನಿಗೆ ಐ-35ರಲ್ಲಿ ಹೊರಟು ಬಕೀಸ್ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ, ಒಣಮಾಂಸದ ಜರ್ಕಿ ಪ್ಯಾಕೆಟ್ಟುಗಳೇ ಒಂದು ಗೋಡೆ ತುಂಬ. ಇಂಥ ರಾಜ್ಯದಲ್ಲಿ ನಮ್ಮವರ ಹಬ್ಬದ ಅಡುಗೆ ವಾರದ ಅಡುಗೆಯಾಗುತ್ತದೆ, ಆಮೇಲೆ ದಿನದ ಅಡುಗೆಯಾಗುತ್ತದೆ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ತಾನಾಗಿ ಆದದ್ದು.

ಹಾಗಾದರೆ ಬಿಡಬೇಕಾ? ನನ್ನ ಹತ್ತಿರ ಬರುವವರು ಮೂರು ಕಾರಣ ಹೇಳುತ್ತಾರೆ: ಒಂದು ದೇಹ, ಇನ್ನೊಂದು ಪ್ರಾಣಿ. ಮೂರನೆಯದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮಾತಿನಲ್ಲಿ ಕಾಣುತ್ತದೆ. ಅದು ನಾಚಿಕೆ. ಮೂರನ್ನೂ ಬೇರೆಬೇರೆ ಇಟ್ಟು ನೋಡಬೇಕು ಅನ್ನುವುದೇ ನನ್ನ ಮಾತು.

ಮೊದಲು ದೇಹ.

ಹೃದಯದ ವಿಷಯ ಅಂದರೆ ಟೆಕ್ಸಾಸಿನಲ್ಲಿ ಹ್ಯೂಸ್ಟನ್ ಹೆಸರು ಬರಲೇಬೇಕು. 1964ರಲ್ಲಿ ಮೈಕೆಲ್ ಡಿಬೇಕಿ ಅವರ ತಂಡ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಯಶಸ್ವಿಯಾಗಿ ಮಾಡಿದ್ದು ಅಲ್ಲಿ. 1969ರಲ್ಲಿ ಡೆಂಟನ್ ಕೂಲಿ ಕೃತಕ ಹೃದಯವನ್ನು ಮೊದಲ ಬಾರಿ ಮನುಷ್ಯನಿಗೆ ಜೋಡಿಸಿದ್ದೂ ಅಲ್ಲೇ. ಆ ಊರಿನ ಟೆಕ್ಸಾಸ್ ಮೆಡಿಕಲ್ ಸೆಂಟರ್ ಪ್ರಪಂಚದಲ್ಲೇ ಅತಿ ದೊಡ್ಡ ವೈದ್ಯಕೀಯ ಸಮುಚ್ಚಯ. ನಾನು ಕೆಲಸ ಮಾಡುವುದು ಡಲ್ಲಾಸಿನಲ್ಲಿ, ಹೃದ್ರೋಗಿಗಳ ವಾರ್ಡಿನಲ್ಲಿ. ರೋಗಿಗಳ ವಿವರ ಯಾವತ್ತೂ ಬರೆಯುವುದಿಲ್ಲ, ನಿಮಗೆ ಗೊತ್ತು. ಆದರೆ ಒಂದು ಮಾತು ಹೇಳಬಹುದು: ನಲವತ್ತೈದು ದಾಟುವ ಮೊದಲೇ ಎದೆನೋವೆಂದು ಬರುವ ನಮ್ಮ ದೇಶದವರಲ್ಲಿ ಹುಟ್ಟಿನಿಂದ ಮೊಟ್ಟೆ ಕೂಡ ಮುಟ್ಟದವರು ಇರುತ್ತಾರೆ. "ಸಿಸ್ಟರ್, ನಾವು ಪ್ಯೂರ್ ವೆಜ್, ನಮಗೆ ಹೇಗೆ ಬಂತು?" ಅನ್ನುತ್ತಾರೆ ಪಾಪ. ಅಮೆರಿಕದ ಹೃದಯ ವೈದ್ಯರ ಸಂಘಗಳು 2018ರಲ್ಲಿ ಹೊರಡಿಸಿದ ಕೊಲೆಸ್ಟರಾಲ್ ಮಾರ್ಗಸೂಚಿಯಲ್ಲಿ ದಕ್ಷಿಣ ಏಷ್ಯಾ ಮೂಲದವರು ಎನ್ನುವುದನ್ನೇ ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಗೆ ಸೇರಿಸಿದ್ದಾರೆ. ಅಲ್ಲಿ ಸಸ್ಯಾಹಾರಿಗಳಿಗೆ ರಿಯಾಯಿತಿ ಕೊಟ್ಟಿಲ್ಲ.

ಯಾಕೆಂದರೆ ಮಾಂಸ ಇಲ್ಲದ ತಟ್ಟೆಯಲ್ಲಿ ಏನಿದೆ ಅನ್ನುವುದು ಮುಖ್ಯ. ಗುಡ್ಡೆ ಅನ್ನ, ಮೈದಾ ನಾನ್, ಕರಿದ ಬೋಂಡ, ಸಂಜೆ ಚಕ್ಕುಲಿ, ರಾತ್ರಿ ಪನೀರ್ ಬಟರ್ ಮಸಾಲಾ, ವಾರಕ್ಕೆ ನಾಲ್ಕು ಸಲ ಸ್ವೀಟು. ಇದರಲ್ಲಿ ಒಂದು ತುಂಡು ಮಾಂಸವೂ ಇಲ್ಲ, ಹೃದಯಕ್ಕೆ ನೆಮ್ಮದಿಯೂ ಇಲ್ಲ. ಕೋಳಿ ಬಿಟ್ಟು ಪನೀರ್ ಹಿಡಿದವರ ಕೊಲೆಸ್ಟರಾಲ್ ಇಳಿಯದೇ ಇದ್ದರೆ ಆಶ್ಚರ್ಯಪಡಬೇಕಿಲ್ಲ.

ಮಾಂಸಕ್ಕೆ ಏನೂ ದೋಷವಿಲ್ಲ ಅಂತ ಇದರ ಅರ್ಥವಲ್ಲ. 2015ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಸಂಸ್ಕರಿಸಿದ ಮಾಂಸವನ್ನು, ಅಂದರೆ ಬೇಕನ್, ಸಾಸೇಜ್, ಹ್ಯಾಮ್, ಹಾಟ್‌ಡಾಗ್ ಇಂಥವನ್ನು, ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡಕರುಳಿನ ಕ್ಯಾನ್ಸರಿನ ಅಪಾಯ ಸುಮಾರು ಶೇ. 18ರಷ್ಟು ಹೆಚ್ಚು ಎಂದಿತು. ದನ, ಹಂದಿ, ಕುರಿ, ಮೇಕೆಯ ಕೆಂಪು ಮಾಂಸವನ್ನು "ಬಹುಶಃ ತರಬಹುದು" ಎನ್ನುವ ಗುಂಪಿನಲ್ಲಿಟ್ಟಿತು. ಸಿಗರೇಟು ಇರುವುದೂ ಮೊದಲ ಗುಂಪಿನಲ್ಲೇ. ಹಾಗಂತ ಸಾಸೇಜೂ ಸಿಗರೇಟೂ ಸಮ ಅಲ್ಲ. ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಅನ್ನುವುದನ್ನು, ಅಪಾಯ ಎಷ್ಟು ದೊಡ್ಡದು ಅನ್ನುವುದನ್ನಲ್ಲ. ಆದರೂ ಮಕ್ಕಳ ಲಂಚ್ ಡಬ್ಬಿಗೆ ದಿನಾ ಹ್ಯಾಮ್ ಸ್ಯಾಂಡ್‌ವಿಚ್ ಹಾಕುವವರು ಒಮ್ಮೆ ಯೋಚಿಸಿ.

ದೇಹಕ್ಕಾಗಿ ಬಿಟ್ಟವರ ಒಳ್ಳೆಯ ಕಥೆ ಆಸ್ಟಿನ್ನಿನಲ್ಲಿದೆ. ಅಲ್ಲಿ ಫ್ರಾಂಕ್ಲಿನ್ ಬಾರ್ಬೆಕ್ಯೂ ಮುಂದೆ ಬ್ರಿಸ್ಕೆಟ್‌ಗಾಗಿ ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಾರೆ. 1980ರಲ್ಲಿ ಹೋಲ್ ಫುಡ್ಸ್ ಅಂಗಡಿ ಶುರುವಾದದ್ದೂ ಅದೇ ಊರಿನಲ್ಲಿ. ಅದರ ಸ್ಥಾಪಕರಲ್ಲೊಬ್ಬರಾದ ಜಾನ್ ಮ್ಯಾಕಿ ಮಾಂಸ, ಹಾಲು ಎರಡನ್ನೂ ಬಿಟ್ಟವರು. ಅಲ್ಲಿನ ಅಗ್ನಿಶಾಮಕ ಠಾಣೆಯೊಂದರಲ್ಲಿ ರಿಪ್ ಎಸೆಲ್‌ಸ್ಟಿನ್ ಅಂತ ಒಬ್ಬರಿದ್ದರು. ಸಹೋದ್ಯೋಗಿಯೊಬ್ಬರ ಕೊಲೆಸ್ಟರಾಲ್ ಅಪಾಯದ ಮಟ್ಟದಲ್ಲಿದೆ ಅಂತ ಗೊತ್ತಾದಾಗ, ಠಾಣೆಯ ಉಳಿದವರೂ ಜೊತೆಗೂಡಿ ಕಾಳು, ತರಕಾರಿ, ಹಣ್ಣು, ಇಡೀ ಧಾನ್ಯದ ಊಟಕ್ಕೆ ಇಳಿದರು. ಬೆಂಕಿ ಆರಿಸುವ ಗಟ್ಟಿ ಆಳುಗಳು, ಅದೂ ಟೆಕ್ಸಾಸಿನವರು! ಅದರಿಂದ ಹುಟ್ಟಿದ "ಎಂಜಿನ್ 2 ಡಯೆಟ್" ಪುಸ್ತಕ 2009ರಲ್ಲಿ ಬಂತು. ಗಮನಿಸಬೇಕಾದ್ದು ಏನೆಂದರೆ, ಅವರು ಮಾಂಸವನ್ನಷ್ಟೇ ಬಿಡಲಿಲ್ಲ, ಹಾಲಿನ ಪದಾರ್ಥ, ಎಣ್ಣೆ, ಮೈದಾ ಎಲ್ಲವನ್ನೂ ಬದಿಗಿಟ್ಟರು. ಒಬ್ಬರ ಕಷ್ಟಕ್ಕೆ ಇಡೀ ಅಡುಗೆಮನೆ ಜೊತೆಯಾಯಿತು. ನಮ್ಮಲ್ಲಿ ಹೇಗೆ? ಯಜಮಾನರಿಗೆ ಓಟ್ಸ್ ಗಂಜಿ, ಉಳಿದವರಿಗೆ ಬಿರಿಯಾನಿ. ಮೂರನೆಯ ವಾರಕ್ಕೆ ಯಜಮಾನರೂ ಬಿರಿಯಾನಿಗೇ ವಾಪಸು.

ಎರಡನೆಯ ಕಾರಣ ಪ್ರಾಣಿ. ಇಲ್ಲಿ ನನ್ನ ಮಗಳ ಮುಂದೆ ನನ್ನ ವಾದ ನಡೆಯುವುದಿಲ್ಲ.

ಅವಳು ಬಿಟ್ಟದ್ದು ತೂಕಕ್ಕಲ್ಲ, ಫ್ಯಾಷನ್ನಿಗೂ ಅಲ್ಲ. ಶಾಲೆಯ ಪ್ರಾಜೆಕ್ಟಿಗೆ ಕೋಳಿ ಫಾರಂಗಳ ಬಗ್ಗೆ ಓದಿದಳು. ಇಲ್ಲಿ ಮಾಂಸದ ಕೋಳಿಯ ಆಯಸ್ಸು ಆರೇಳು ವಾರ. ವರ್ಷಕ್ಕೆ 900 ಕೋಟಿಗೂ ಹೆಚ್ಚು ಕೋಳಿಗಳನ್ನು ಈ ದೇಶದಲ್ಲಿ ಕಡಿಯುತ್ತಾರೆ. ವಧೆಯ ಹೊತ್ತಿಗೆ ಪ್ರಾಣಿಗೆ ನೋವಾಗದಂತೆ ನೋಡಿಕೊಳ್ಳಬೇಕು ಅಂತ 1958ರಲ್ಲಿ ಮಾಡಿದ ಕೇಂದ್ರ ಕಾನೂನು ಇದೆ. ಅದನ್ನು ಕೋಳಿಗೆ ಅನ್ವಯಿಸುತ್ತಿಲ್ಲ. "ಅಮ್ಮ, ಕಾನೂನು ಕೋಳೀನ ಪ್ರಾಣಿ ಅಂತಾನೇ ಎಣಿಸಿಲ್ಲ" ಅಂದಳು. "ನಮ್ಮವ್ವನೂ ಕೋಳಿ ಕುಯ್ತಿದ್ದರು ಕಣೇ" ಅಂದೆ. "ಅಜ್ಜಿ ಕೋಳಿ ತಿಪ್ಪೆ ಕೆದಕಿತ್ತು, ಮರ ಹತ್ತಿತ್ತು, ಮರಿ ಮಾಡಿತ್ತು. ಇದಕ್ಕೆ ಸೂರ್ಯನೇ ಗೊತ್ತಿಲ್ಲ" ಅಂದಳು.

ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅವ್ವನ ಕೋಳಿಗೂ ಈ ಪ್ಲಾಸ್ಟಿಕ್ ಟ್ರೇಯ ಕೋಳಿಗೂ ಹೆಸರು ಒಂದೇ, ಬಾಳು ಬೇರೆ. ಮಗಳ ವಾದವನ್ನು ಕೊನೆವರೆಗೂ ಎಳೆದರೆ ಹಾಲಿಗೂ ಬರುತ್ತದೆ: ಡೈರಿಯ ಗಂಡುಕರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಮೊಸರನ್ನ ತಿನ್ನುವವರೂ ತಲೆ ಕೆರೆದುಕೊಳ್ಳಬೇಕು. ಮಗಳು ಅಷ್ಟು ದೂರ ಇನ್ನೂ ಹೋಗಿಲ್ಲ. ಹೋದರೂ ಇಲ್ಲಿ ದಾರಿಯಿದೆ. ಡಲ್ಲಾಸ್ ಪಕ್ಕದ ಡೆಂಟನ್ನಿನ ಯೂನಿವರ್ಸಿಟಿ ಆಫ್ ನಾರ್ತ್ ಟೆಕ್ಸಾಸ್ 2011ರಲ್ಲೇ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ಪೂರ್ತಿ ಊಟದ ಹಾಲ್ ತೆರೆದಿದೆ. ಕೌಬಾಯ್ ರಾಜ್ಯದ ಮಕ್ಕಳು ಅಲ್ಲಿ ತಟ್ಟೆ ಹಿಡಿದು ನಿಲ್ಲುತ್ತಾರೆ.

ಈಗ ಮೂರನೆಯದು. ಇದನ್ನು ಬರೆಯಲೆಂದೇ ಕೂತದ್ದು.

ಮಗಳು ಮಾಂಸ ಬಿಟ್ಟ ಮೇಲೆ ಪರಿಚಯದವರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆಗೆ ಹೋಗಿದ್ದೆವು. ಸುದ್ದಿ ಕೇಳಿದ ಹಿರಿಯರೊಬ್ಬರು ಅವಳ ಗಲ್ಲ ಹಿಡಿದು, "ಒಳ್ಳೇದಾಯ್ತು ಪುಟ್ಟಾ, ಈಗ ನೀನೂ ನಮ್ಮ ಥರ ಶುದ್ಧ ಆದೆ" ಅಂದರು. ಪ್ರೀತಿಯಿಂದಲೇ ಅಂದರು, ಅದೇ ತೊಂದರೆ. ಕಾರಿನಲ್ಲಿ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಮ್ಮ, ಹಾಗಾದ್ರೆ ನೀನು ಅಶುದ್ಧನಾ? ಅಜ್ಜಿ?"

ಈ ಮಗು ಕೋಳಿಯ ಮೇಲಿನ ಕರುಣೆಯಿಂದ ಒಂದು ತೀರ್ಮಾನ ಮಾಡಿತು. ಅದನ್ನು ಎತ್ತಿಕೊಂಡು ನಾವು ಜಾತಿಯ ಏಣಿಯ ಮೇಲೆ ಒಂದು ಮೆಟ್ಟಿಲು ಹತ್ತಿಸಿಬಿಟ್ಟೆವು. ಅವಳು ಹತ್ತಿದರೆ ಅವಳ ಅಜ್ಜಿ ಕೆಳಗೆ ಉಳಿಯಬೇಕು.

ಕರ್ನಾಟಕದಲ್ಲಿ ಮಾಂಸ ತಿನ್ನುವವರು ಅಲ್ಪಸಂಖ್ಯಾತರೇನಲ್ಲ. ಕೇಂದ್ರ ಸರ್ಕಾರದ 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಹದಿನೈದು ದಾಟಿದ ಐವರು ಕನ್ನಡಿಗರಲ್ಲಿ ಸುಮಾರು ನಾಲ್ವರು ಮಾಂಸಾಹಾರಿಗಳು. ಆದರೂ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ "ವೆಜಿಟೇರಿಯನ್ಸ್ ಓನ್ಲಿ" ಅಂತ ಕೇಳಿಸಿಕೊಳ್ಳುವವರು ನಾವು. 2024ರ ಡಿಸೆಂಬರ್ 20ರಿಂದ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ, ಮಳಿಗೆಗಳಿಗೆ ಕೊಟ್ಟ ಸೂಚನೆಯಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ನಿಷೇಧಿಸಿದ್ದರು. ನಮ್ಮೂರಿನವರು ಸಿಟ್ಟಾಗಿ ಬಾಡೂಟ ಬೇಕು ಅಂತ ಹೋರಾಟಕ್ಕೆ ಇಳಿದರು. ದೂರದ ಡಲ್ಲಾಸಿನಲ್ಲಿ ಕೂತು ಆ ಸುದ್ದಿ ನೋಡಿದಾಗ ಕೆಲವರು ನಕ್ಕರು: "ಸಾಹಿತ್ಯ ಬಿಟ್ಟು ಕೋಳಿಗೆ ಜಗಳ!" ನನಗೆ ನಗು ಬರಲಿಲ್ಲ. ಎಲ್ಲರೂ ಸೇರುವ ಪಂಕ್ತಿಯಲ್ಲಿ ಸಸ್ಯಾಹಾರವನ್ನಷ್ಟೇ ಬಡಿಸಿದರೆ ನನ್ನ ತಕರಾರಿಲ್ಲ, ಎಲ್ಲರೂ ತಿನ್ನಬಹುದಾದ್ದು ಅದು. ಆದರೆ ನಮ್ಮವ್ವನ ಅಡುಗೆಯನ್ನು ಹೆಂಡ, ಬೀಡಿಯ ಪಟ್ಟಿಗೆ ಸೇರಿಸಿದ್ದಕ್ಕೆ ತಕರಾರಿದೆ.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲಾ ಮಕ್ಕಳ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದಾಗಲೂ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ಬೇಕು ಅಂತ ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ಗಟ್ಟಿಯಾಗಿ ಕೇಳಿದ ವಿಡಿಯೋ ನೀವೂ ನೋಡಿರಬಹುದು. ನಾನು ನಾಳೆ ಮಾಂಸ ಪೂರ್ತಿ ಬಿಟ್ಟರೂ ಆ ಹುಡುಗಿಯ ತಟ್ಟೆಯ ಮೊಟ್ಟೆ ತೆಗೆಯಿರಿ ಅನ್ನುವವರ ಜೊತೆ ನಿಲ್ಲುವುದಿಲ್ಲ. ಬಿಡುವ ಆಯ್ಕೆ ಇರುವುದು ಹೊಟ್ಟೆ ತುಂಬಿದವರಿಗೆ. ಟೆಕ್ಸಾಸಿನ ಅಂಗಡಿಯಲ್ಲಿ ಹತ್ತು ಥರದ ಕಾಳು, ತೋಫು, ವಿಟಮಿನ್ ಮಾತ್ರೆ ಎಲ್ಲ ಸಿಗುವ ನನಗೂ, ರಕ್ತಹೀನತೆಯ ಮಗುವಿಗೂ ಒಂದೇ ನಿಯಮ ಹಾಕುವುದು ಅನ್ಯಾಯ.

ಹಾಗಂತ ಹುಟ್ಟು ಸಸ್ಯಾಹಾರಿಗಳ ಮೇಲೆ ನನಗೆ ಕೋಪವಿಲ್ಲ. ಮಗಳಿಗೆ ಜೋಳದ ರೊಟ್ಟಿ ತಟ್ಟಲು, ಎಣ್ಣೆಗಾಯಿ, ಶೇಂಗಾ ಚಟ್ನಿ, ಮಡಿಕೆಕಾಳು ಪಲ್ಯ ಮಾಡಲು ಕಲಿಸಿದವಳು ಪಕ್ಕದ ಬೀದಿಯ ನನ್ನ ಲಿಂಗಾಯತ ಗೆಳತಿ. ಮಡಿ ಮೈಲಿಗೆಯ ಒಂದು ಮಾತೂ ಆಡದೆ, "ಬಾರವ್ವ, ಪ್ರೋಟೀನ್ ಎಲ್ಲೈತಿ ತೋರಸ್ತೀನಿ" ಅಂತ ಕರೆದು ಕೂರಿಸಿಕೊಂಡಳು.

ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಯ ಸುತ್ತ, ಸೀರೆ ಅಂಗಡಿ, ಒಡವೆ ಅಂಗಡಿ, ದಿನಸಿ ಅಂಗಡಿಗಳ ಆ ಜಾಗಕ್ಕೆ 2010ರಿಂದ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಅಂತ ಹೆಸರು. ನಮ್ಮ ಡಲ್ಲಾಸ್ ಪಕ್ಕದ ಅರ್ವಿಂಗ್ ಪಾರ್ಕಿನಲ್ಲೂ 2014ರಿಂದ ಗಾಂಧಿ ಪ್ರತಿಮೆ ಇದೆ. ಗಾಂಧೀಜಿಯ ಊಟದ ಕಥೆಯನ್ನು ನಾವು ಅರ್ಧವೇ ಹೇಳುತ್ತೇವೆ. ಹುಡುಗನಾಗಿದ್ದಾಗ ಅವರು ಕದ್ದು ಮಾಂಸ ತಿಂದಿದ್ದರು. 1888ರಲ್ಲಿ ಲಂಡನ್ನಿಗೆ ಹೊರಟಾಗ ತಾಯಿಗೆ ಮಾತು ಕೊಟ್ಟಿದ್ದರಿಂದ ಬಿಟ್ಟಿದ್ದರು, ಮನಸ್ಸಿನಲ್ಲಿ ಮಾತ್ರ ಭಾರತೀಯರೆಲ್ಲ ಮಾಂಸ ತಿನ್ನಬೇಕು ಅಂತಲೇ ಇತ್ತು. ಅಲ್ಲಿ ಹೆನ್ರಿ ಸಾಲ್ಟ್ ಬರೆದ ಪುಸ್ತಕ ಓದಿದ ಮೇಲೆ ತಾನಾಗಿ ಒಪ್ಪಿ ಸಸ್ಯಾಹಾರಿಯಾದೆ ಅಂತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ತಟ್ಟೆ ಅದೇ, ಕಾರಣ ಬದಲಾಯಿತು. ಹೊರದೇಶಕ್ಕೆ ಬಂದ ನಮಗೂ ಆ ಅವಕಾಶವಿದೆ: ಹುಟ್ಟಿನಿಂದ ಬಂದದ್ದನ್ನು ಕೈಯಲ್ಲಿ ಹಿಡಿದು, ಇದು ನನ್ನದಾ ಅಂತ ಕೇಳಿಕೊಳ್ಳುವುದು. ತಿನ್ನುವವರೂ ಕೇಳಿಕೊಳ್ಳಲಿ, ತಿನ್ನದವರೂ ಕೇಳಿಕೊಳ್ಳಲಿ.

ನನ್ನ ತೀರ್ಮಾನ ಇದು. ಸಂಸ್ಕರಿಸಿದ ಮಾಂಸ ನಮ್ಮ ಮನೆಗೆ ಬರುವುದಿಲ್ಲ. ಟ್ರೇಯ ಕೋಳಿಯನ್ನೂ ನಿಲ್ಲಿಸಿದ್ದೇನೆ. ಮಗಳ ವಾದ ಗೆದ್ದಿದೆ. ಶಿಫ್ಟ್ ದಿನಗಳಿಗೆ ಭಾನುವಾರವೇ ಕಾಳು ನೆನೆಸಿ, ಬೇಯಿಸಿ, ಫ್ರೀಜರಿಗೆ ಹಾಕುವುದು ನನ್ನ, ಯಜಮಾನರ ಪಾಳಿ. ಆದರೆ ವರ್ಷತೊಡಕಿಗೆ, ಮಹಾಲಯ ಅಮಾವಾಸ್ಯೆಗೆ ಬಾಡು ಬೇಯುತ್ತದೆ, ಊರಾಚೆಯ ರೈತನ ಹತ್ತಿರ ಬಯಲಲ್ಲಿ ಮೇದು ಬೆಳೆದ ಮೇಕೆಯದ್ದು. ತೀರಿಹೋದ ಅಪ್ಪನಿಗೆ ಇಡುವ ಎಡೆಯಲ್ಲಿ ಅವರು ಇಷ್ಟಪಟ್ಟದ್ದು ಇರಬೇಕು. ಇನ್ಯಾರೋ ಶುದ್ಧ ಅನ್ನಲಿ ಅಂತ ಅಪ್ಪನ ಎಲೆಯನ್ನು ನಾನು ಬದಲಾಯಿಸುವುದಿಲ್ಲ. "ಇದು ಅರ್ಧ ತೀರ್ಮಾನ ಅಮ್ಮ" ಅಂತ ಮಗಳು ಮುಖ ಊದಿಸಿದ್ದಾಳೆ. ಇರಲಿ. ಅವಳ ತೀರ್ಮಾನ ಅವಳದು, ನನ್ನದು ನನ್ನದು. ಕಾರಿನಲ್ಲಿ ಕೇಳಿದ ಪ್ರಶ್ನೆಗೆ ಮಾತ್ರ ಅವಳಿಗೆ ನೇರವಾಗಿ ಹೇಳಿದ್ದೇನೆ: "ನೀನು ಬಿಟ್ಟಿದ್ದಕ್ಕೆ ಕೋಳಿಗೆ ಒಳ್ಳೇದಾಯ್ತು. ನಿನಗಿಂತ ನಿನ್ನ ಅಜ್ಜಿ ಒಂದು ಕೂದಲೆಳೆಯಷ್ಟೂ ಕಡಿಮೆ ಅಲ್ಲ."

ಬಿಡಬೇಕು ಅಂತ ತೀರ್ಮಾನಿಸಿದವರಿಗೆ ನರ್ಸಮ್ಮನ ನಾಲ್ಕು ಮಾತು.

ಒಂದು, ಬಿ12. ಇದು ಗಿಡಗಳಿಂದ ಸಿಗುವುದಿಲ್ಲ. ಹಾಲು ಮೊಸರು ತಕ್ಕಷ್ಟು ತಿನ್ನದಿದ್ದರೆ ಮಾತ್ರೆ ಬೇಕಾಗುತ್ತದೆ. ಶುಗರಿಗೆ ಮೆಟ್‌ಫಾರ್ಮಿನ್ ತಗೊಳ್ಳುವವರಲ್ಲಿ ಬಿ12 ಇನ್ನೂ ಇಳಿಯಬಹುದು. ಕೈಕಾಲು ಜೋಮು, ಸುಸ್ತು, ಮರೆವು ಇದ್ದರೆ ವಯಸ್ಸಾಯಿತು ಅಂತ ಸುಮ್ಮನಿರದೆ ರಕ್ತಪರೀಕ್ಷೆ ಮಾಡಿಸಿ.

ಎರಡು, ಕಬ್ಬಿಣಾಂಶ. 14ರಿಂದ 18ರ ಹುಡುಗಿಯರಿಗೆ ದಿನಕ್ಕೆ 15 ಮಿ.ಗ್ರಾಂ. ಬೇಕು. ಕಾಳು ಸೊಪ್ಪಿನ ಕಬ್ಬಿಣ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಊಟದ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟದ ಜೊತೆ ಕಾಫಿ ಟೀ ಬೇಡ.

ಮೂರು, ಮಾಂಸದ ಜಾಗಕ್ಕೆ ಕಾಳು ಬರಲಿ. ಅನ್ನ ಎರಡು ಪಾಲಾಗುವುದು ಬೇಡ.

ನಾಲ್ಕು, ಡಯಾಲಿಸಿಸ್‌ನಲ್ಲಿರುವವರು, ಗರ್ಭಿಣಿಯರು, ವಾರ್ಫರಿನ್ ಎಂಬ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬದಲಾಯಿಸಬೇಡಿ. ಸೊಪ್ಪಿನಲ್ಲಿ ವಿಟಮಿನ್ ಕೆ ಹೆಚ್ಚು. ಇದ್ದಕ್ಕಿದ್ದಂತೆ ದಿನಾ ಸೊಪ್ಪು ತಿನ್ನತೊಡಗಿದರೆ ವಾರ್ಫರಿನ್ನಿನ ಕೆಲಸ ಕುಂದುತ್ತದೆ.

ಬಿಡದವರಿಗೂ ಒಂದು ಮಾತು: ನಮ್ಮ ಊರಿನ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಬಾಡು ಹಬ್ಬದ್ದಾಗಿದ್ದಾಗ ಅದಕ್ಕೆ ರುಚಿಯೂ ಇತ್ತು, ಮರ್ಯಾದೆಯೂ ಇತ್ತು.

ಮುಂದಿನ ವರ್ಷತೊಡಕಿಗೆ ಡಲ್ಲಾಸ್ ಕಡೆ ಇರುವವರು ನಮ್ಮ ಮನೆಗೆ ಬನ್ನಿ. ಒಲೆ ಮೇಲೆ ಎರಡು ಪಾತ್ರೆ ಇರುತ್ತವೆ. ಒಂದರಲ್ಲಿ ಮೇಕೆ ಬಾಡಿನ ಸಾರು, ಇನ್ನೊಂದರಲ್ಲಿ ಮಗಳು ಮಾಡುವ ಹಿತಕಿದ ಅವರೆಬೇಳೆ ಸಾರು. ಮುದ್ದೆ ಎರಡಕ್ಕೂ ಒಂದೇ.